ಅಟ್ಟಕ್ಕೇರಿಸಿದ ಗೆಲುವು

ಫುಟ್‌ಬಾಲ್ ಸೀಸನ್ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ಟಿವಿಯಲ್ಲಿ ನಾಲ್ಕು ಜನ ಕೋಟು ತೊಟ್ಟು ಸಾಲಾಗಿ ಕೂರುತ್ತಾರೆ. ಕಳೆದ ಸಲ ಕಪ್ ಗೆದ್ದ ತಂಡ ಈ ಸಲವೂ ಗೆಲ್ಲುತ್ತದೆಯೇ ಎಂಬುದು ಅವರ ಚಿಂತೆ. ಒಬ್ಬ ಗೆಲ್ಲುತ್ತದೆ ಅನ್ನುತ್ತಾನೆ, ಇನ್ನೊಬ್ಬ ಸಾಧ್ಯವೇ ಇಲ್ಲ ಅನ್ನುತ್ತಾನೆ, ಮೂರನೆಯವನು ಪರದೆಯ ಮೇಲೆ ಬಾಣದ ಗುರುತು ಎಳೆಯುತ್ತಾನೆ, ನಾಲ್ಕನೆಯವನು ಸುಮ್ಮನೆ ನಗುತ್ತಾನೆ. ನಾನು ಊಟದ ತಟ್ಟೆ ಹಿಡಿದು ಇದನ್ನೆಲ್ಲ ನೋಡುತ್ತಾ ಹಲ್ಲು ಕಡಿಯುತ್ತೇನೆ. ನನ್ನನ್ನು ಕರೆದಿದ್ದರೆ ಐದು ನಿಮಿಷದಲ್ಲಿ ತೀರ್ಪು ಕೊಟ್ಟು ಅವರನ್ನೆಲ್ಲ ಮನೆಗೆ ಕಳಿಸುತ್ತಿದ್ದೆ. ನಾನೂ ಒಂದು ವರ್ಷ ಚಾಂಪಿಯನ್ ಆಗಿದ್ದವನು. ಬರೀ ಆಟಗಾರನಲ್ಲ, ತಂಡದ ಗೋಲ್‌ಕೀಪರ್ ಮತ್ತು ಕಾರ್ಯದರ್ಶಿ. ಗೆದ್ದ ತಂಡವನ್ನು ಮರುವರ್ಷ ಸೋಲಿಸುವುದು ಹೇಗೆ ಎಂಬುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ನಮ್ಮ ಮೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ.

ನಮ್ಮ ಊರು ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಇಲ್ಲಿನ ಹುಡುಗರು ಕಬಡ್ಡಿ ಆಡುತ್ತಾರೆ, ಹೈಸ್ಕೂಲಿಗೆ ಬಂದರೆ ವಾಲಿಬಾಲ್ ಆಡುತ್ತಾರೆ, ಏನೂ ಆಡದವರು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾರೆ. ಫುಟ್‌ಬಾಲ್ ನಮ್ಮ ಕಡೆಯ ಬೆಳೆಯಲ್ಲ. ಅದನ್ನು ತಂದವರು ಕೋಲಾರದ ಚಿನ್ನದ ಗಣಿಯ ಕಡೆಯಿಂದ ವರ್ಗವಾಗಿ ಬಂದ ಡ್ರಿಲ್ ಮೇಷ್ಟ್ರು. ಅವರು ರಿಟೈರಾದ ಮೇಲೂ ಊರು ಬಿಡಲಿಲ್ಲ, ಕೊರಳಿನ ಸೀಟಿಯನ್ನೂ ಬಿಡಲಿಲ್ಲ. ಕಾಯಿ ಕೀಳುವವರು, ಟ್ರ್ಯಾಕ್ಟರ್ ಓಡಿಸುವವರು, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರು, ಹೀಗೆ ಕಾಲಿದ್ದ ಹನ್ನೊಂದು ಜನರನ್ನು ಗುಡ್ಡೆ ಹಾಕಿ ಒಂದು ತಂಡ ಮಾಡಿದರು. ಆ ಹನ್ನೊಂದರಲ್ಲಿ ನಾನೊಬ್ಬ.

ನಾನು ಹೇಗೆ ಸೇರಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಯಲು ನಮ್ಮಪ್ಪನದು. ಊರ ಮುಂದಿನ ನಮ್ಮ ಒಂದೂವರೆ ಎಕರೆ ತೋಟದಲ್ಲಿ ಮರಗಳಿಗೆ ಕಾಂಡ ಸೋರುವ ರೋಗ ಬಂದು, ಅಪ್ಪ ಎಲ್ಲವನ್ನೂ ಕಡಿಸಿ, ನೆಲ ಒಂದೆರಡು ವರ್ಷ ಉಸಿರಾಡಲಿ ಎಂದು ಖಾಲಿ ಬಿಟ್ಟಿದ್ದರು. ಊರಿನ ಸುತ್ತ ಎತ್ತ ನೋಡಿದರೂ ತೆಂಗು. ಚೆಂಡು ಒದ್ದರೆ ಮರಕ್ಕೆ ತಾಗದೆ ನೂರು ಹೆಜ್ಜೆ ಹೋಗುವ ಜಾಗ ಅದೊಂದೇ. ಕಡಿದ ಮರದ ತುಂಡುಗಳನ್ನೇ ನಿಲ್ಲಿಸಿ ಗೋಲ್‌ಪೋಸ್ಟ್ ಮಾಡಿದೆವು, ಮೇಲೆ ಅಡ್ಡಲಾಗಿ ನಾರಿನ ಹಗ್ಗ ಕಟ್ಟಿದೆವು. ಬಯಲಿನ ಯಜಮಾನನ ಮಗನನ್ನು ಹೊರಗೆ ನಿಲ್ಲಿಸುವುದು ಹೇಗೆ? ಓಡಿದರೆ ನನಗೆ ಏದುಸಿರು, ಒದ್ದರೆ ಚೆಂಡಿಗಿಂತ ಮುಂಚೆ ಚಪ್ಪಲಿ ಹೋಗುತ್ತಿತ್ತು. ಆದ್ದರಿಂದ ಮೇಷ್ಟ್ರು ನನ್ನನ್ನು ಎರಡು ತುಂಡುಗಳ ಮಧ್ಯೆ ನಿಲ್ಲಿಸಿ, "ನೀನು ಇಲ್ಲೇ ಇರು, ಎಲ್ಲೂ ಹೋಗ್ಬೇಡ" ಅಂದರು. ತುಮಕೂರಿನಿಂದ ಒಂದು ಜೊತೆ ಗ್ಲೌಸ್ ತರಿಸಿಕೊಂಡೆ. ಆವತ್ತಿನಿಂದ ನಾನು ಕೀಪರ್.

ಯಾರು ಏನೇ ಅನ್ನಲಿ, ನನಗೆ ಆ ಜಾಗದ ಮೇಲೆ ಪ್ರಾಣವಿತ್ತು. ಮನೆಯಲ್ಲಿ ನಾನು ಅಪ್ಪನ ಮಗ, ತೋಟದಲ್ಲಿ ಅಪ್ಪನ ಆಳು. ಸಂಜೆ ಐದರಿಂದ ಆರೂವರೆವರೆಗೆ ಆ ಎರಡು ತುಂಡುಗಳ ನಡುವೆ ಮಾತ್ರ ನಾನು ನಾನೇ. ಜೊತೆಗೆ ಇದೂ ಗೊತ್ತಿತ್ತು: ಬಯಲು ಇರುವವರೆಗೆ ಮಾತ್ರ ನನಗೆ ಅಲ್ಲಿ ಜಾಗ. ಅಲ್ಲಿ ತೆಂಗಿನ ಸಸಿ ಬಿದ್ದ ದಿನ ನನ್ನನ್ನು ತಂಡಕ್ಕೆ ಕರೆಯಲು ಯಾರಿಗೂ ಕಾರಣವಿರುವುದಿಲ್ಲ. ನಮ್ಮಪ್ಪನೋ, ಖಾಲಿ ನೆಲ ಕಂಡರೆ ಹಸಿದ ಮಗು ಕಂಡಂತೆ ಒದ್ದಾಡುವ ಮನುಷ್ಯ. ಎರಡು ವರ್ಷ ಮುಗಿದ ಕೂಡಲೇ ಸಸಿ ಹಾಕಬೇಕೆಂದು ಶುರುಮಾಡಿದರು. ನಾನು ಕಾಲಿಗೆ ಬೀಳುವುದೊಂದು ಬಾಕಿ.

"ನೀವು ಆಡೋದ್ರಿಂದ ಏನ್ಲಾ ಬಂತು? ಹುಲ್ಲೂ ಬೆಳೀಲಿಲ್ಲ," ಅಂದರು. "ಈ ವರ್ಷ ಒಂದ್ ಆಡ್ಕಳಿ. ಏನಾದ್ರೂ ಗೆದ್ಕಂಡ್ ಬಂದ್ರೆ ಆಮೇಲೆ ನೋಡಾನ."

ನಾವು ಗೆದ್ದುಕೊಂಡು ಬರುತ್ತೇವೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ನಾವೂ ಎಣಿಸಿರಲಿಲ್ಲ.

ಮೇ ತಿಂಗಳಲ್ಲಿ ತುರುವೇಕೆರೆಯಲ್ಲಿ ಮೂರು ತಾಲ್ಲೂಕಿನ ಪಂದ್ಯಾವಳಿ. ಮೊದಲ ಪಂದ್ಯದಲ್ಲಿ ನಮ್ಮ ಎದುರು ಆಡಬೇಕಾದ ತಂಡದ ಅರ್ಧ ಜನ ಯಾರದೋ ಮದುವೆಯ ದಿಬ್ಬಣದಲ್ಲಿ ಹೋಗಿಬಿಟ್ಟಿದ್ದರು, ಆಡದೆಯೇ ಗೆದ್ದೆವು. ಎರಡನೆಯದರಲ್ಲಿ ಇಬ್ಬರೂ ಗೋಲು ಹೊಡೆಯಲಿಲ್ಲ, ಟಾಸ್ ಹಾರಿಸಿದರು, ಗೆದ್ದೆವು. ಫೈನಲ್ಲು ಕಂದಿಕೆರೆಯವರ ಮೇಲೆ. ನಮ್ಮ ಕ್ಯಾಪ್ಟನ್ ನಮ್ಮದೇ ತೋಟದಲ್ಲಿ ಕಾಯಿ ಕೀಳುವವನು; ಮರ ಹತ್ತಿ ಹತ್ತಿ ಅವನ ತೊಡೆಗಳು ಕಬ್ಬಿಣವಾಗಿದ್ದವು. ಅವನು ಮೈದಾನದ ನಡುವಿನಿಂದ ಕಣ್ಣು ಮುಚ್ಚಿ ಒದ್ದದ್ದು ಗಾಳಿಗೆ ತಿರುಗಿ ಒಳಗೆ ಹೋಯಿತು. ಕೊನೆಯ ಗಳಿಗೆಯಲ್ಲಿ ಕಂದಿಕೆರೆಯವರಿಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವನ ತೊಡೆ ನಮ್ಮ ಕ್ಯಾಪ್ಟನ್‌ನ ತೊಡೆಗಿಂತ ದಪ್ಪಗಿತ್ತು. ಶಿವ ಶಿವ ಎಂದು ಕಣ್ಣು ಮುಚ್ಚಿ, ಮುಖಕ್ಕೆ ಬೀಳದಿರಲೆಂದು ಪಕ್ಕಕ್ಕೆ ತಿರುಗಿ ಕುಕ್ಕುರುಗಾಲಿನಲ್ಲಿ ಕೂತೆ. ಚೆಂಡು ಬಂದು ನನ್ನ ಬಲ ಮೊಣಕಾಲಿಗೆ ಬಡಿದು ರಸ್ತೆಗೆ ಹೋಯಿತು.

ಕಣ್ಣು ಬಿಟ್ಟಾಗ ಜನರ ಹೆಗಲ ಮೇಲಿದ್ದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ಆದರೆ ಕೊಂಬೆ ಮುರಿದದ್ದು ಕಾಗೆಯ ಶಕ್ತಿಯಿಂದಲೇ ಎಂದು ಊರು ನಂಬಿತು. ಎರಡು ದಿನ ಕಳೆಯುವುದರೊಳಗೆ ಕಾಗೆಯೂ ನಂಬಿತು.

ಆಮೇಲೆ ಶುರುವಾಯಿತು ನೋಡಿ ಸನ್ಮಾನ. ಹಾಲಿನ ಡೇರಿಯ ಮುಂದೆ ಒಂದು, ಸ್ಕೂಲಿನಲ್ಲಿ ಒಂದು, ದೇವಸ್ಥಾನದ ಜಗಲಿಯಲ್ಲಿ ಒಂದು. ನಮ್ಮ ಕಡೆ ಸನ್ಮಾನಕ್ಕೆ ಕೊಬ್ಬರಿ ಹಾರವಿಲ್ಲದಿದ್ದರೆ ಅದು ಸನ್ಮಾನವೇ ಅಲ್ಲ. ಹನ್ನೊಂದು ಜನ ಸಾಲಾಗಿ ಪೇಟ ಸುತ್ತಿಕೊಂಡು, ಕೊಬ್ಬರಿ ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಕೂತಿದ್ದರೆ, ಗೆದ್ದವರೋ ಯಾವುದೋ ತಪ್ಪಿಗೆ ಸಿಕ್ಕಿಬಿದ್ದವರೋ ಎಂದು ಹೇಳುವುದು ಕಷ್ಟವಾಗಿತ್ತು. ಫ್ಲೆಕ್ಸ್ ಹಾಕಿಸಿದರು, ಅದರಲ್ಲಿ ನನ್ನ ಮುಖ ಚಿಕ್ಕದು, ಮೊಣಕಾಲು ದೊಡ್ಡದು. 'ಚಿನ್ನದ ಮೊಣಕಾಲು' ಎಂಬ ಬಿರುದು ಬೇರೆ. ಮೇಷ್ಟ್ರನ್ನು ಭಾಷಣಕ್ಕೆ ಕರೆದರೆ ಅವರು ಮೈಕಿನ ಮುಂದೆ ನಿಂತು, "ಈ ಸಲ ದೇವರು ಆಡಿದ. ಮುಂದಿನ ಸಲ ನೀವು ಆಡ್ಬೇಕು" ಅಂದು ಇಳಿದುಬಿಟ್ಟರು. ಇಂಥ ಸಂತೋಷದ ಸಮಯದಲ್ಲಿ ಏನು ಮಾತಾಡಬೇಕೆಂದು ಗೊತ್ತಿಲ್ಲದ ಮನುಷ್ಯ ಎಂದು ಎಲ್ಲರೂ ಬೇಜಾರು ಮಾಡಿಕೊಂಡರು.

ಕಪ್ಪನ್ನು ಮನೆಗೆ ತಂದು ಅಪ್ಪನ ಮುಂದಿಟ್ಟೆ. ಅಪ್ಪ ಅದನ್ನು ತಿರುಗಿಸಿ ನೋಡಿದರು, ಬೆರಳಿನಿಂದ ಬಡಿದು ಸದ್ದು ಕೇಳಿದರು, ಕೆಳಗಿಟ್ಟರು.

"ಒಂದ್ ವರ್ಷ ಕಾಯಿ ಬಿಟ್ಟ ಮರವ ಯಾರಾದ್ರೂ ಬೀಜಕ್ಕೆ ಆರಿಸ್ತಾರೇನ್ಲಾ?" ಅಂದರು. "ವರ್ಷಾ ವರ್ಷಾ ಒಂದೇ ಸಮ ಬಿಡ್ಬೇಕು. ಆಗ ಅದು ತಾಯಿಮರ. ಒಂದ್ ವರ್ಷ ಗೊನೆ ತುಂಬಿ ಮರುವರ್ಷ ಆಕಾಶ ನೋಡೋ ಮರ ನಮ್ ತೋಟದಲ್ಲೂ ಬೇಕಾದಷ್ಟವೆ."

"ಹಂಗಂದ್ರೆ?"

"ಮುಂದಿನ ವರ್ಷನೂ ಗೆದ್ಕಂಡ್ ಬಾ. ಬಯಲು ನಿಮ್ದೇ, ನಾನ್ ಕೇಳಕ್ಕಿಲ್ಲ ಬುಡು. ಇಲ್ದಿದ್ರೆ ಜೂನ್‌ನಾಗೆ ಗುಂಡಿ ತೋಡ್ಸೋದೇಯ."

ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ. ಮಾರನೆಯ ವಾರವೇ ಬಾವಿಯ ಪಕ್ಕ ಸಸಿಮಡಿ ಮಾಡಿ, ಆರಿಸಿ ತಂದ ಬೀಜದ ಕಾಯಿಗಳನ್ನು ಸಾಲಾಗಿ ಹೂತರು. ಅವು ಮೊಳೆತು, ಎಲೆ ಬಿಟ್ಟು, ನೆಡಲು ತಯಾರಾಗುವುದಕ್ಕೆ ಸರಿಯಾಗಿ ಒಂದು ವರ್ಷ ಬೇಕು. ಅಂದರೆ ನಮಗೂ ಅವಕ್ಕೂ ಒಂದೇ ಗಡುವು. ದಿನಾ ಬೆಳಗ್ಗೆ ಹಲ್ಲುಜ್ಜಲು ಬಾವಿ ಹತ್ತಿರ ಹೋದರೆ ನನ್ನ ಎದುರಾಳಿಗಳು ಸಾಲಾಗಿ ಮಲಗಿರುತ್ತಿದ್ದವು. ಅಪ್ಪ ಒಂದು ದಿನವೂ ತಪ್ಪದೆ ಅವಕ್ಕೆ ನೀರು ಹಾಕುತ್ತಿದ್ದರು.

ತಂಡದ ಸಭೆ ಕರೆದೆ. ಗೆದ್ದ ತಂಡವನ್ನು ಹೀಗೇ ಉಳಿಸಿಕೊಳ್ಳುವುದು ಹೇಗೆ ಎಂಬುದೊಂದೇ ವಿಷಯ. ಮೇಷ್ಟ್ರು ಮೊದಲೇ ಎದ್ದು, ದಿನಾ ಬೆಳಗ್ಗೆ ಓಟ, ವಾರಕ್ಕೊಂದು ಪಂದ್ಯ, ಹೊಸದಾಗಿ ಮೂರು ನಾಲ್ಕು ಜನ ಸೇರಬೇಕು, ಯಾರ ಜಾಗವೂ ಕಾಯಂ ಅಲ್ಲ ಅಂದರು. ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಿದರೋ ಇಲ್ಲವೋ, ನನಗಂತೂ ನೋಡಿದಂತೆಯೇ ಕಂಡಿತು. ದಿನಾ ಆಡಿದರೆ ನನ್ನ ಬಣ್ಣ ಎರಡೇ ವಾರದಲ್ಲಿ ಬಯಲಾಗುತ್ತದೆ. ಹೊಸಬ ಒಬ್ಬ ಕೀಪರ್ ಬಂದರೆ ಮುಗಿಯಿತು. ನನ್ನ ಹೊಟ್ಟೆಯೊಳಗೆ ಇಷ್ಟು ಹೆದರಿಕೆ ಇಟ್ಟುಕೊಂಡು, ಕಾರ್ಯದರ್ಶಿಯ ಗತ್ತಿನಲ್ಲಿ ಎದ್ದು ನಿಂತೆ.

"ನಾವು ಯಾವ ಸೀಮೆಯೋರು?" ಎಂದು ಕೇಳಿದೆ. "ಕೊಬ್ಬರಿ ಸೀಮೆಯೋರು. ಕೊಬ್ಬರಿ ಹೆಂಗೆ ಮಾಡ್ತೀವಿ? ಒಳ್ಳೇ ಕಾಯಿ ಆರಿಸಿ ಅಟ್ಟಕ್ಕೆ ಹಾಕ್ತೀವಿ. ಆಮೇಲೆ ಹನ್ನೊಂದು ತಿಂಗ್ಳು ಅದನ್ನ ಯಾರಾದ್ರೂ ಮುಟ್ತಾರಾ? ದಿನಾ ಕೆಳಗೆ ಇಳಿಸಿ ಒದೀತಾರಾ? ಮುಟ್ಟಿದ್ರೆ ಕೆಡ್ತದೆ. ಗೆದ್ದ ಟೀಮೂ ಅಷ್ಟೇ. ಮುಟ್ಬಾರ್ದು."

ಸಭೆ ಚಪ್ಪಾಳೆ ತಟ್ಟಿತು. ಹೊರಗಿನವರಿಗೆ ಇದು ಹುಚ್ಚುತನ ಅನ್ನಿಸಬಹುದು. ಆದರೆ ನಮ್ಮ ಕಡೆ ಹುಟ್ಟಿದವರಿಗೆ ಇದಕ್ಕಿಂತ ದೊಡ್ಡ ಸತ್ಯವಿಲ್ಲ. ಬೇರೆ ಸೀಮೆಯವರು ಕಾಯಿ ಒಡೆದು ಬಿಸಿಲಿಗೆ ಹಾಕಿ ನಾಲ್ಕು ದಿನದಲ್ಲಿ ಒಣಗಿಸುತ್ತಾರೆ. ನಾವು ಸಿಪ್ಪೆ ಸಮೇತ ಅಟ್ಟದ ಮೇಲೆ ಗುಡ್ಡೆ ಹಾಕಿ, ನೆರಳಿನಲ್ಲಿ, ವರ್ಷ ತುಂಬುವವರೆಗೆ ಕಾಯುತ್ತೇವೆ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ತಾನಾಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವವರೆಗೆ. ಏನೂ ಮಾಡದೆ ಕೂತು ಶ್ರೀಮಂತರಾಗುವುದು ನಮಗೆ ತಲೆತಲಾಂತರದಿಂದ ಬಂದ ವಿದ್ಯೆ. ಹನ್ನೊಂದು ಜನಕ್ಕೆ ಬೆಳಗ್ಗೆ ಐದಕ್ಕೆ ಎದ್ದು ಓಡುವುದು ತಪ್ಪುತ್ತದೆ ಎಂಬ ಸಣ್ಣ ಅನುಕೂಲವೂ ಅದರಲ್ಲಿತ್ತು.

ಮೇಷ್ಟ್ರು ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. "ಟೀಮು ಕೊಬ್ಬರಿ ಅಲ್ಲ ಕಣಯ್ಯಾ," ಅಂದರು. "ಅದು ಎಳನೀರು. ಇವತ್ತು ಕೊಚ್ಚಿ ಇವತ್ತೇ ಕುಡೀಬೇಕು. ನಾಳೆಗೆ ಇಟ್ರೆ ಹುಳಿ."

ಅವರಿಗೆ ತೋಟವಿಲ್ಲ, ಕಾಯಿಯ ಬಗ್ಗೆ ಅವರಿಗೇನು ಗೊತ್ತು ಎಂದು ನಾವು ನಕ್ಕೆವು. ಅವರು ಆವತ್ತಿನಿಂದ ನಮ್ಮ ಬಯಲಿಗೆ ಬರಲಿಲ್ಲ.

ಮಾಡುವುದಾದರೆ ಪೂರ್ತಿ ಮಾಡಬೇಕೆಂದು, ಫೈನಲ್ಲಿನ ಚೆಂಡನ್ನೂ ನನ್ನ ಗ್ಲೌಸನ್ನೂ ನಿಜವಾಗಿಯೇ ನಮ್ಮ ಮನೆಯ ಅಟ್ಟಕ್ಕೆ ಹತ್ತಿಸಿದೆ. ಚೆಂಡಿಗೆ ವಿಭೂತಿ ಬಳಿದು ಆ ವರ್ಷದ ಕಾಯಿಗುಡ್ಡೆಯ ಮೇಲೆ ಕೂರಿಸಿದೆ. ಗ್ಲೌಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೊಲೆಗೆ ನೇತುಹಾಕಿದೆ. ಅವ್ವ ಏಣಿ ಹಿಡಿದುಕೊಂಡು ಕೆಳಗಿನಿಂದ, "ಇಳೀವಾಗ ನಿನ್ ಚಿನ್ನದ ಮೊಣಕಾಲು ಹುಷಾರು ಕಣಪ್ಪ" ಅಂದರು. ಗೆದ್ದ ಕಪ್ ದೇವರ ಗೂಡಿನಲ್ಲಿ ಒಂದು ತಿಂಗಳು ಇತ್ತು. ಆಮೇಲೆ ಅವ್ವ ಅದಕ್ಕೆ ಮುಚ್ಚಳವಿರುವುದನ್ನು ಕಂಡು ಹುಣಸೆಹಣ್ಣು ತುಂಬಿ ಅಡುಗೆಮನೆಯಲ್ಲಿ ಇಟ್ಟುಕೊಂಡರು.

ವರ್ಷ ಉರುಳಿತು. ಬಯಲಿನಲ್ಲಿ ಯಾರದೋ ಹಸುಗಳು ಮೇಯುತ್ತಿದ್ದವು. ನಮ್ಮ ಆಟವೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತಿತ್ತು. ಗೆದ್ದ ದಿನದ ವಿಡಿಯೊವನ್ನು ದಿನಕ್ಕೊಬ್ಬರು ಹಾಕುವುದು, ಉಳಿದವರು ಬೆಂಕಿಯ ಗುರುತು ಒತ್ತುವುದು. ನನ್ನ ಮೊಣಕಾಲನ್ನು ಎಷ್ಟು ಸಲ ನೋಡಿದೆನೆಂದರೆ, ಅದು ಚೆಂಡಿನ ಕಡೆ ತಾನಾಗಿ ಹೋಯಿತೆಂದೂ ನಾನು ಬೇಕೆಂದೇ ಕಣ್ಣು ಮುಚ್ಚಿದ್ದೆನೆಂದೂ ನನಗೆ ಖಾತ್ರಿಯಾಯಿತು. ಕೇಳಿದವರಿಗೆ ಅದರ ಹಿಂದಿನ ತಂತ್ರ ವಿವರಿಸುತ್ತಿದ್ದೆ. ಕ್ಯಾಪ್ಟನ್ನನ್ನು ಸನ್ಮಾನ ಮಾಡಿದವರು ಊಟ ಹಾಕದೆ ಬಿಡುತ್ತಿರಲಿಲ್ಲ. ಚಾಂಪಿಯನ್ನು ಮರ ಹತ್ತುವುದು ಶೋಭೆಯಲ್ಲವೆಂದು ಯಾರೋ ಹೇಳಿದರಂತೆ, ಅವನು ಉದ್ದನೆಯ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕಾಯಿ ಕೀಳತೊಡಗಿದ. ಯುಗಾದಿಯ ಹೊತ್ತಿಗೆ ಅವನ ಜೆರ್ಸಿ ಹೊಕ್ಕುಳಿನವರೆಗೆ ಮಾತ್ರ ಬರುತ್ತಿತ್ತು. ನಾನು ಒಂದು ಭಾನುವಾರ ಸುಮ್ಮನೆ ಬಯಲಿಗೆ ಹೋಗಿ ಎರಡು ತುಂಡುಗಳ ನಡುವೆ ನಿಂತು ಬಂದೆ. ಒಬ್ಬನೇ ನಿಂತಾಗ ಅದು ಬಹಳ ಅಗಲವಾಗಿದೆ ಅನ್ನಿಸಿತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಬಾವಿಯ ಪಕ್ಕದ ಸಸಿಗಳು ಮಾತ್ರ ಯಾರ ಸಿದ್ಧಾಂತಕ್ಕೂ ಕಾಯಲಿಲ್ಲ. ನಾಲ್ಕನೇ ತಿಂಗಳಲ್ಲಿ ಮೊಳಕೆ ಮೂಗು ತೋರಿಸಿತು. ಸಂಕ್ರಾಂತಿಗೆ ಎರಡೆಲೆ, ಶಿವರಾತ್ರಿಗೆ ಮೂರು. ಅಪ್ಪ ಊಟಕ್ಕೆ ಕೂತಾಗ ವಾರಕ್ಕೊಮ್ಮೆ ಕೇಳುತ್ತಿದ್ದರು.

"ಹೆಂಗೈತ್ಲಾ ನಿಮ್ ಟೀಮು?"

"ಅಟ್ಟದ ಮೇಲೈತೆ ಕಣಪ್ಪ."

"ಒಂದ್ಸಲ ಅಲ್ಲಾಡ್ಸಿ ನೋಡಿದ್ಯಾ?"

ಕೊಬ್ಬರಿ ಮಾಡುವವರು ಮಾಡುವ ಕೆಲಸ ಇದೊಂದೇ: ಮಧ್ಯೆ ಮಧ್ಯೆ ಅಟ್ಟ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು. ಅಪ್ಪ ತಮಾಷೆ ಮಾಡುತ್ತಿದ್ದಾರೆಂದು ತಿಳಿದು ನಾನು ನಕ್ಕುಬಿಡುತ್ತಿದ್ದೆ. ಅವರೂ ನಗುತ್ತಿದ್ದರು.

ಪಂದ್ಯಾವಳಿಗೆ ಮೂರು ದಿನ ಇರುವಾಗ ಇಡೀ ತಂಡ ನಮ್ಮ ಮನೆಯಂಗಳದಲ್ಲಿ ಸೇರಿತು. ಅಷ್ಟರೊಳಗೆ 'ಎರಡನೇ ಬಾರಿಗೆ ಚಾಂಪಿಯನ್' ಎಂಬ ಫ್ಲೆಕ್ಸ್ ಕೂಡ, ಅದೇ ದೊಡ್ಡ ಮೊಣಕಾಲಿನ ಚಿತ್ರದೊಂದಿಗೆ, ಬಂದಿತ್ತು. ಆಮೇಲೆ ಗಡಿಬಿಡಿಯಾಗಬಾರದೆಂದು ನಾನೇ ಮುಂದಾಲೋಚನೆ ಮಾಡಿ ಹೇಳಿಸಿದ್ದೆ. ಊದುಬತ್ತಿ ಹಚ್ಚಿ, ಏಣಿ ಹತ್ತಿ, ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದೆ. ಚೆಂಡು ಒಂದು ಮಗ್ಗುಲಿಗೆ ಕುಗ್ಗಿತ್ತು. ತಿರುಗಿಸಿದರೆ ಹಿಂದೆ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು. ಇಲಿಗಳು ಒಳಗೆ ಹುಣಸೆ ಬೀಜ ಕೂಡಿಟ್ಟಿದ್ದವು. ಅಲ್ಲಾಡಿಸಿದರೆ ಗಡಗಡ ಅಂದಿತು.

"ಆಗೈತೆ ಕಣಪ್ಪ, ಸುಲೀರಿ," ಅಂದರು ಅವ್ವ, ಒಳಗಿನಿಂದಲೇ.

ಯಾರೂ ನಗಲಿಲ್ಲ. ಕ್ಯಾಪ್ಟನ್ ಹೋಗಿ ತಿಪಟೂರಿನಿಂದ ಹೊಸ ಚೆಂಡು ತಂದ. ಅದನ್ನು ಒಂದು ಸಂಜೆ ಒದ್ದೆವು. ಕಾಲು ಗಂಟೆಯಲ್ಲಿ ಏಳು ಜನ ಸೊಂಟ ಹಿಡಿದು ಕೂತರು. ಬಯಲು ಏರುಪೇರಾಗಿದೆ, ಹಸುಗಳು ಹಾಳುಮಾಡಿವೆ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವರ ಮೇಲೆ ರೇಗಾಡಿದೆ. ನನ್ನದೇ ಸಿದ್ಧಾಂತ ಎಂಬುದು ನೆನಪಾಗಿ ಸುಮ್ಮನಾದೆ.

ಮೊದಲ ಪಂದ್ಯ ಶೆಟ್ಟಿಕೆರೆಯವರ ಮೇಲೆ. ಹಿಂದಿನ ವರ್ಷ ಅವರು ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದವರು. ಸೋತವರಿಗೆ ಯಾರೂ ಸನ್ಮಾನ ಮಾಡದ್ದರಿಂದ ಅವರಿಗೆ ವರ್ಷವಿಡೀ ಆಡಲು ಪುರುಸೊತ್ತು ಸಿಕ್ಕಿತ್ತು. ಚೆಂಡು ಅವರ ಕಾಲಿಗೆ ಸಿಕ್ಕರೆ ನಮ್ಮವರಿಗೆ ಕಾಣುತ್ತಲೇ ಇರಲಿಲ್ಲ. ಮಧ್ಯಂತರದ ಹೊತ್ತಿಗೆ ನಾಲ್ಕು ಗೋಲು. ನಮ್ಮ ಊರಿನವರು ಫ್ಲೆಕ್ಸ್ ಹಿಡಿದುಕೊಂಡು ಬಂದಿದ್ದರು. ಮೊದಲನೇ ಗೋಲಿಗೆ ಅದನ್ನು ಬಿಚ್ಚಿ ಹಿಡಿದಿದ್ದವರು ಎರಡನೆಯದಕ್ಕೆ ಕೆಳಗಿಳಿಸಿದರು, ಮೂರನೆಯದಕ್ಕೆ ಸುತ್ತಿದರು, ನಾಲ್ಕನೆಯದಕ್ಕೆ ಅದರ ಮೇಲೆ ಕೂತು ಕಡಲೇಕಾಯಿ ತಿನ್ನತೊಡಗಿದರು. ಗಡಿಯ ಆಚೆ ಟೋಪಿ ಹಾಕಿಕೊಂಡ ಒಬ್ಬರು ಒಬ್ಬರೇ ನಿಂತಿದ್ದರು. ಮೇಷ್ಟ್ರು. ಅವರ ಮುಖದಲ್ಲಿ ಸೇಡಿನ ಸಂತೋಷ ಹುಡುಕಿದೆ, ಸಿಗಲಿಲ್ಲ. ಅದರಿಂದ ಇನ್ನೂ ಸಂಕಟವಾಯಿತು.

ಕೊನೆಯಲ್ಲಿ ಶೆಟ್ಟಿಕೆರೆಯವರಿಗೂ ಒಂದು ಪೆನಾಲ್ಟಿ ಸಿಕ್ಕಿತು. ಅದು ಹೋದರೂ ಬಂದರೂ ಫಲಿತಾಂಶ ಬದಲಾಗುವುದಿಲ್ಲ. ಆದರೂ ಇಡೀ ಮೈದಾನ ನನ್ನ ಮೊಣಕಾಲು ನೋಡಲು ಎದ್ದು ನಿಂತಿತು. ನನಗೆ ಒಂದೇ ಆಸೆ: ಇದೊಂದನ್ನು ಹಿಡಿದರೆ, ಅಪ್ಪನ ಮುಂದೆ ನಿಂತು ಬಯಲಿಗಾಗಿ ಇನ್ನೊಂದು ವರ್ಷ ಕೇಳುವ ಬಾಯಿ ನನಗಿರುತ್ತದೆ. ಈ ಸಲ ಕಣ್ಣು ಮುಚ್ಚಲಿಲ್ಲ. ಪೂರ್ತಿ ಬಿಟ್ಟುಕೊಂಡು, ಎರಡೂ ಕೈ ಅಗಲಿಸಿ ನಿಂತೆ. ಅದರಿಂದ ಒಂದು ಪ್ರಯೋಜನವಾಯಿತು. ಚೆಂಡು ಒಳಗೆ ಹೋಗುವುದನ್ನು ಮೂರು ತಾಲ್ಲೂಕಿನಲ್ಲಿ ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ನಾನು.

ಹುಣಸೆಹಣ್ಣಿನ ವಾಸನೆಯ ಕಪ್ಪನ್ನು ಹಿಂದಿರುಗಿಸಿ ಬಸ್ಸು ಹತ್ತಿ ಮನೆಗೆ ಬಂದೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಸುದ್ದಿ ನನಗಿಂತ ಮುಂಚೆಯೇ ವಾಟ್ಸಾಪಿನಲ್ಲಿ ಬಂದಿತ್ತು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಟ್ಟಕ್ಕೆ ಹಾಕಿದ್ದು ತಪ್ಪಲ್ಲ ಕಣ್ಲಾ," ಅಂದರು. "ಅಟ್ಟಕ್ಕೆ ಎಂಥ ಕಾಯಿ ಹಾಕ್ತೀವಿ?"

ನಾನು ಚಪ್ಪಲಿ ಬಿಚ್ಚಿ ಜಗಲಿಯ ತುದಿಯಲ್ಲಿ ಕೂತೆ.

"ಬಲಿತ ಕಾಯಿ. ಎಳೆಕಾಯಿ ಹಾಕಿ ಹನ್ನೊಂದ್ ತಿಂಗ್ಳಲ್ಲ, ಹನ್ನೊಂದ್ ವರ್ಷ ಕಾದ್ರೂ ಕೊಬ್ಬರಿ ಆಗಕ್ಕಿಲ್ಲ. ಕೊಳೀತದೆ. ಕೊಬ್ಬರಿ ಮನೇಲಿ ಹುಟ್ಟಿ ಅಷ್ಟೂ ತಿಳೀಲಿಲ್ವಾ ನಿಂಗೆ?"

ತಿಳಿಯಲಿಲ್ಲ. ಚಿಕ್ಕಂದಿನಿಂದ ಆ ಅಟ್ಟ ಹತ್ತಿ ಇಳಿದವನು ನಾನು. ಕಾಯಿ ಬೆರಳಿನಲ್ಲಿ ಬಡಿದು ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಮದುವೆ ದಿಬ್ಬಣ, ಟಾಸು, ಗಾಳಿ ಮತ್ತು ಒಂದು ಮೊಣಕಾಲು ಸೇರಿ ಆದ ಗೆಲುವನ್ನು ಮಾತ್ರ ಒಂದು ಸಲವೂ ಬಡಿದು ನೋಡಲಿಲ್ಲ. ನೋಡಿದ್ದರೆ ಅದರ ಸದ್ದು ನನಗೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ನೋಡಲಿಲ್ಲ.

ಜೂನ್ ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಅಪ್ಪ ಹಗ್ಗ, ಗೂಟ, ಗುದ್ದಲಿ ಹಿಡಿದು ಬಯಲಿಗೆ ಹೊರಟರು. ನಾನೂ ಹಿಂದೆ ಹೋದೆ. ಮೂವತ್ತು ಅಡಿಗೊಂದರಂತೆ ಗುಂಡಿ. ನನ್ನ ಗೋಲ್‌ಪೋಸ್ಟಿನ ಎರಡು ತುಂಡುಗಳನ್ನು ಹಾರೆಯಿಂದ ಎಬ್ಬಿಸಿ ಸೌದೆಗೆ ಹಾಕಿದರು. 'ಎರಡನೇ ಬಾರಿಗೆ ಚಾಂಪಿಯನ್' ಫ್ಲೆಕ್ಸನ್ನು ಅಪ್ಪ ಆಗಲೇ ಕೊಟ್ಟಿಗೆಯ ಸೋರುವ ಮೂಲೆಗೆ ಹೊದಿಸಿದ್ದರು. ನನ್ನ ಮೊಣಕಾಲು ಸರಿಯಾಗಿ ಎಮ್ಮೆಯ ತಲೆಯ ಮೇಲೆ ಬಂದಿತ್ತು. ಒಂದು ವರ್ಷದಲ್ಲಿ ಆ ಮೊಣಕಾಲಿನಿಂದ ಆದ ಉಪಕಾರ ಅದೊಂದೇ.

ಮೂರನೇ ಸಾಲು ತೋಡುತ್ತಿರುವಾಗ ಕ್ಯಾಪ್ಟನ್ನೂ ಇನ್ನಿಬ್ಬರೂ ಬರುತ್ತಿರುವುದು ಕಾಣಿಸಿತು. ಅಪ್ಪನ ಹತ್ತಿರ ಬಯಲು ಕೇಳಲು ಬಂದಿದ್ದಾರೆ, ಕಾಲು ಹಿಡಿಯುತ್ತಾರೆ, ಅಪ್ಪನಿಗೂ ಮನಸ್ಸು ಕರಗಬಹುದು ಎಂದುಕೊಂಡು ಗುದ್ದಲಿ ಕೆಳಗಿಟ್ಟೆ. ಅವರು ಅಪ್ಪನಿಗೆ ಕೈಮುಗಿದು, ಗುಂಡಿ ಚೆನ್ನಾಗಿ ಬಂದಿವೆ ಅಂದರು. ಸ್ವಲ್ಪ ಹೊತ್ತು ಮಳೆಯ ಮಾತಾಡಿದರು. ಆಮೇಲೆ ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದ.

"ಮೇಷ್ಟ್ರು ಸ್ಕೂಲ್ ಹಿಂದಿನ ಜಾಲಿ ಪೊದೆ ಕಡ್ಸಿ ಜಾಗ ಹದ ಮಾಡ್ಸವ್ರೆ ಕಣಣ್ಣ. ನಾಳೆಯಿಂದ ಬೆಳಗ್ಗೆ ಐದಕ್ಕೇ ಅಂತೆ."

"ಬತ್ತೀನಿ ಬುಡು," ಅಂದೆ. "ಐದಕ್ಕೆ ತಾನೆ?"

ಅವನು ಹೆಬ್ಬೆರಳಿನಿಂದ ಮಣ್ಣು ಕೆದಕಿದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ. "ಕೀಪರ್‌ಗೆ ಬೇರೆ ಒಬ್ಬನ್ನ ನೋಡವ್ರೆ ಮೇಷ್ಟ್ರು," ಅಂದ. "ಅದ್ಕೇಯ... ನಿನ್ ತಾವ ಗ್ಲೌಸ್ ಇದ್ರೆ ಕೊಡಣ್ಣ. ಅವ್ನತ್ರ ಇಲ್ಲ."

ಸೋತು ಬಂದ ದಿನ ಮತ್ತೆ ಕವರಿನಲ್ಲಿ ಸುತ್ತಿಟ್ಟಿದ್ದ ಗ್ಲೌಸನ್ನು ಮನೆಗೆ ಹೋಗಿ ತಂದುಕೊಟ್ಟೆ. ಅವನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ಅಂಗೈ ಮಗುಚಿ ನೋಡಿ, ಸಂತೋಷದಿಂದ ಕಣ್ಣರಳಿಸಿದ. "ಹೊಸದ್ರಂಗೇ ಐತಲ್ಲಣ್ಣ! ಒಂದ್ ಗೀರೂ ಇಲ್ಲ."

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ. ಆ ಗ್ಲೌಸು ಮರುವರ್ಷ ಕಪ್ ಗೆದ್ದಿತು, ಅದರ ಮರುವರ್ಷವೂ ಗೆದ್ದಿತು. ಹಾಗಾಗಿ ಕೋಟು ತೊಟ್ಟ ಆ ನಾಲ್ವರಿಗೆ ನನ್ನ ಉತ್ತರ ಇದು: ಗೆದ್ದ ತಂಡ ಮತ್ತೆ ಗೆಲ್ಲಬಹುದು, ಧಾರಾಳವಾಗಿ ಗೆಲ್ಲಬಹುದು, ಗೆದ್ದದ್ದು ತನ್ನಿಂದಲೇ ಎಂದುಕೊಂಡವನನ್ನು ಮೊದಲು ಹೊರಗೆ ಹಾಕಿದರೆ.

ಆದರೆ ಇದೆಲ್ಲ ಆಮೇಲೆ ಆದದ್ದು. ಅವರು ಹೋದ ಮೇಲೆ ನಾನು ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಗೋಲ್‌ಪೋಸ್ಟಿನ ತುಂಡುಗಳು ಇದ್ದ ಜಾಗದ ನಡುವೆ, ನಾನು ನಿಲ್ಲುತ್ತಿದ್ದಲ್ಲೇ, ಹಗ್ಗದ ಅಳತೆಗೆ ಒಂದು ಗುಂಡಿ ಬಿದ್ದಿತ್ತು. ಅಪ್ಪ ಸಸಿಗಳಲ್ಲಿ ಗಟ್ಟಿಯಾದ ಒಂದನ್ನು ಆರಿಸಿ ತಂದು ಅದರೊಳಗೆ ಇಳಿಸಿದರು.

"ನೆಟ್ಟಗೆ ಹಿಡ್ಕಳ್ಲಾ," ಅಂದರು. "ಮಣ್ಣು ಎಳೀತೀನಿ. ಅಲ್ಲಾಡಬಾರ್ದು."

ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗುಂಡಿ ತುಂಬಿ, ಅಪ್ಪ ಸುತ್ತ ಮಣ್ಣು ತುಳಿದು, "ಸಾಕು, ಬುಡು" ಎಂದು ಎರಡು ಸಲ ಹೇಳುವವರೆಗೂ ಬಿಡಲಿಲ್ಲ.